ಕಲ್ಲು ಹೂಳುವ ಮುನ್ನ: ಅಂಗಳದ ಬಂಡೆಗಳ ಬಗ್ಗೆ ಓದುಗರ ಪ್ರಶ್ನೆಗಳು

ಕೈತೋಟದಲ್ಲಿ ಬಂಡೆಗಳನ್ನು ಸಹಜವಾಗಿ ಕಾಣುವಂತೆ ಕೂರಿಸುವುದು ಹೇಗೆ ಎಂದು ಕೇಳಿದ ಪತ್ರಗಳಲ್ಲಿ ಒಂಬತ್ತನ್ನು ಈ ಬಾರಿ ಆರಿಸಿಕೊಂಡಿದ್ದೇವೆ. ಮೊದಲ ಪತ್ರದ ಉತ್ತರ ಉದ್ದವಾಗಿದೆ. ಉಳಿದವರೂ ಅದನ್ನು ಮೊದಲು ಓದಿಕೊಳ್ಳಿ, ಅಲ್ಲಿ ಹೇಳಿದ್ದನ್ನು ಮುಂದೆ ಮತ್ತೆ ಹೇಳಿಲ್ಲ.

ಪ್ರಶ್ನೆ: ಮನೆ ಮುಂದೆ 14 ಅಡಿಗೆ 10 ಅಡಿ ಜಾಗವಿದೆ. ಒಂದು ಟ್ರ್ಯಾಕ್ಟರ್ ಗುಂಡುಕಲ್ಲು ತರಿಸಿ, ನಡುವೆ ಮಣ್ಣಿನ ಗುಡ್ಡೆ ಮಾಡಿ, ಅದರ ಮೇಲೆ ಜೋಡಿಸಿದೆವು. ಸುತ್ತ ಬಿಳಿ ಬೆಣಚುಕಲ್ಲು ಹರಡಿದೆವು. ಆದರೂ ಯಾರೋ ಪಾಯದ ಕಲ್ಲು ಸುರಿದು ಹೋದಂತೆ ಕಾಣುತ್ತದೆ. ಎಲ್ಲಿ ತಪ್ಪಿದೆವು? (ಮೈಸೂರು)

ಉತ್ತರ: ನಿಮ್ಮ ಕಲ್ಲುಗಳು ನೆಲದ ಮೇಲಿವೆ, ನೆಲದೊಳಗಿಂದ ಬಂದಿಲ್ಲ. ಮುಖ್ಯವಾದ ತಪ್ಪು ಇದೇ. ಚಾಮುಂಡಿ ಬೆಟ್ಟದ ಮೆಟ್ಟಿಲ ದಾರಿಯಲ್ಲೋ ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ಮೇಲೋ ಒಂದು ಗಂಟೆ ಸುಮ್ಮನೆ ನಡೆದಾಡಿ, ಕಲ್ಲು ಮಣ್ಣನ್ನು ಸೇರುವ ಗೆರೆಯನ್ನಷ್ಟೇ ನೋಡಿ. ಸುಮಾರು 300 ಕೋಟಿ ವರ್ಷ ಹಳೆಯ ಲಾಲ್‌ಬಾಗ್ ಬಂಡೆ ಮಣ್ಣಿನಿಂದ ಎದ್ದು ಬರುವ ಕಡೆ ಚೆಂಡಿನಂತೆ ಒಳಕ್ಕೆ ಬಾಗುವುದಿಲ್ಲ. ಇಳಿಜಾರಾಗಿ ಹರಡಿಕೊಂಡು ಮಣ್ಣಿನಡಿ ಹೋಗುತ್ತದೆ. ಕಾಣುವುದಕ್ಕಿಂತ ಕಾಣದಿರುವುದೇ ಹೆಚ್ಚು ಎಂದು ಕಣ್ಣು ತಾನೇ ಊಹಿಸಿಕೊಳ್ಳುತ್ತದೆ. ನಿಮ್ಮ ಅಂಗಳದಲ್ಲೂ ಆ ಊಹೆ ಹುಟ್ಟಬೇಕು.

ಅದಕ್ಕೆ ಪ್ರತಿ ಕಲ್ಲಿನ ಅತಿ ಅಗಲವಾದ ಭಾಗ ನೆಲದ ಮಟ್ಟಕ್ಕೆ ಅಥವಾ ಅದಕ್ಕಿಂತ ಕೆಳಗೆ ಬರುವಷ್ಟು ಹೂಳಬೇಕು. ಸಾಮಾನ್ಯವಾಗಿ ಎತ್ತರದ ಮೂರನೇ ಒಂದು ಭಾಗ ಮಣ್ಣಿನಡಿ ಹೋಗುತ್ತದೆ. ತೀರ ಗುಂಡಗಿನ ಕಲ್ಲಾದರೆ ಅರ್ಧ. ದುಡ್ಡು ಕೊಟ್ಟು ತಂದ ಕಲ್ಲನ್ನು ಹೂಳಲು ಮನಸ್ಸು ಬರುವುದಿಲ್ಲ ಎಂಬುದು ನಮಗೆ ಗೊತ್ತು. ಆದರೆ ಇಲ್ಲಿ ಜಿಪುಣತನ ಮಾಡಿದರೆ ಉಳಿದ ಯಾವ ಉಪಾಯವೂ ಫಲಿಸುವುದಿಲ್ಲ.

ಎರಡನೆಯ ತಪ್ಪು ಬಿಳಿ ಬೆಣಚುಕಲ್ಲು. ಬೂದುಬಣ್ಣದ ಬಂಡೆ ಸವೆದರೆ ಬೂದುಬಣ್ಣದ ಚೂರೇ ಬೀಳಬೇಕು. ಬೆಣಚನ್ನು ತೆಗೆದುಬಿಡಿ. ಬಂಡೆಯದೇ ಜಾತಿಯ ಕಲ್ಲಿನ ಚೂರುಗಳನ್ನು ಬುಡದ ಹತ್ತಿರ ಮುಷ್ಟಿ ಗಾತ್ರದವು, ಆಮೇಲೆ 20 ಎಂಎಂ ಜಲ್ಲಿ, ಹೊರಗೆ ಹೋದಂತೆ ಬೇಬಿ ಜಲ್ಲಿ ಎಂಬ ಕ್ರಮದಲ್ಲಿ ಹರಡಿ. ಕ್ರಷರ್‌ನಿಂದ ಆಗಷ್ಟೇ ಬಂದ ಜಲ್ಲಿ ನೀಲಿಯಾಗಿ, ಚೂಪಾಗಿ ಕಾಣುತ್ತದೆ. ನಾಲ್ಕು ಬುಟ್ಟಿಗೆ ಒಂದು ಬುಟ್ಟಿ ಗರಸು ಬೆರೆಸಿ ನೀರು ಹೊಡೆದರೆ ಆ ಹೊಸತನ ಅಡಗುತ್ತದೆ.

ಈಗ ಮತ್ತೆ ಕೂರಿಸುವ ಕ್ರಮ. ಎಲ್ಲ ಕಲ್ಲನ್ನೂ ಹೊರಗೆ ತೆಗೆದು ಸಾಲಾಗಿ ಇಡಿ, ಪ್ರತಿಯೊಂದನ್ನೂ ತಿರುಗಿಸಿ ನೋಡಿ. ಹಾವಸೆ ಕಟ್ಟಿ ಕಪ್ಪಾದ, ಮಳೆ ಬಿಸಿಲು ತಿಂದ ಮುಖ ಮೇಲಕ್ಕೆ ಬರಬೇಕು. ಒಡೆದ ಹೊಸ ಮುಖ, ಉಳಿ ಏಟಿನ ಗುರುತು, ಡ್ರಿಲ್ ಹಾಕಿದ ಅರ್ಧ ಕೊಳವೆಯಂಥ ಗೆರೆ ಮಣ್ಣಿನ ಕಡೆಗೆ ಅಥವಾ ಹಿಂದಕ್ಕೆ ಹೋಗಬೇಕು. ದಕ್ಷಿಣ ಕರ್ನಾಟಕದಲ್ಲಿ ಸಿಗುವ ನೈಸ್ (gneiss) ಎಂಬ ಜಾತಿಯ ಕಲ್ಲಿನಲ್ಲಿ ಬಿಳಿ, ಕಪ್ಪು ಪಟ್ಟೆಗಳಿರುತ್ತವೆ. ಆ ಪಟ್ಟೆಗಳಿಗೆ ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿಕೊಳ್ಳಿ. ಕೂರಿಸುವಾಗ ಎಲ್ಲ ಕಲ್ಲಿನ ಪಟ್ಟೆಯೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಹರಿಯಬೇಕು. ಒಂದು ಅಡ್ಡ, ಒಂದು ಉದ್ದ, ಇನ್ನೊಂದು ಓರೆ ಆಯಿತೆಂದರೆ ನೋಡುವವರಿಗೆ ಕಾರಣ ಹೊಳೆಯದಿದ್ದರೂ ಏನೋ ಸರಿಯಿಲ್ಲ ಅನಿಸುತ್ತದೆ.

ನಿಮ್ಮ ಜಾಗಕ್ಕೆ 3 ಅಡಿಯದು ಒಂದು, 2 ಅಡಿಯವು ಎರಡು, ಒಂದರಿಂದ ಒಂದೂವರೆ ಅಡಿಯವು ನಾಲ್ಕೈದು ಸಾಕು. ಉಳಿದದ್ದನ್ನು ಯಾರಿಗಾದರೂ ಕೊಟ್ಟುಬಿಡಿ. ದೊಡ್ಡದನ್ನು ಜಾಗದ ನಟ್ಟನಡುವೆ ಇಡಬೇಡಿ. 14 ಅಡಿಯ ಉದ್ದದಲ್ಲಿ ಒಂದು ಕೊನೆಯಿಂದ ಸುಮಾರು 5 ಅಡಿಯಲ್ಲಿ, ಹಿಂಬದಿಗೆ ಸರಿಸಿ ಕೂರಿಸಿ. ಕಲ್ಲಿನ ಆಕಾರಕ್ಕಿಂತ ನಾಲ್ಕು ಇಂಚು ಅಗಲವಾಗಿ ಗುಂಡಿ ತೋಡಿ, ತಳಕ್ಕೆ 3 ಇಂಚು ಜಲ್ಲಿ ಹಾಕಿ ಬಡಿದು, ಕಲ್ಲು ಇಳಿಸಿ. ಆಮೇಲೆ ಅದರ ಮೇಲೆ ಹತ್ತಿ ನಿಂತು ಮೈ ಅಲುಗಾಡಿಸಿ. ಕೊಂಚ ಅಲುಗಿದರೂ ಎತ್ತಿ, ಕೆಳಗೆ ಚಕ್ಕೆಕಲ್ಲು ಕೊಟ್ಟು ಮತ್ತೆ ಕೂರಿಸಿ. ಸುತ್ತಲಿನ ಮಣ್ಣನ್ನು 4 ಇಂಚಿನ ಪದರಗಳಲ್ಲಿ ತುಂಬುತ್ತ, ಹಾರೆಯ ಹಿಂಬದಿಯಿಂದ ಗುದ್ದುತ್ತ ಬನ್ನಿ.

ಎರಡನೆಯ ದೊಡ್ಡ ಕಲ್ಲು ಮೊದಲನೆಯದಕ್ಕೆ ತಾಗಿದಂತೆ ಅಥವಾ ಒಂದು ಅಂಗೈ ಬಿರುಕು ಬಿಟ್ಟು ಬರಲಿ. ಹಂಪಿಯ ಬಂಡೆಗಳನ್ನು ಗಮನಿಸಿ. ಒಂದೇ ದೊಡ್ಡ ಬಂಡೆ ಬಿರುಕುಗಳುದ್ದಕ್ಕೂ ಸವೆದು, ಸಿಪ್ಪೆ ಸುಲಿದು, ಗುಂಡುಗಳಾಗಿ ಬೇರೆಯಾದದ್ದು ಅದು. ಹಾಗಾಗಿ ಪಕ್ಕಪಕ್ಕದ ಕಲ್ಲುಗಳು ಒಡಹುಟ್ಟಿದವರಂತೆ ಕಾಣುತ್ತವೆ. ನೀವೂ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಹೊಂದುವ ಜೋಡಿ ಹುಡುಕಿ. ಮೂರನೆಯದು ಸ್ವಲ್ಪ ದೂರದಲ್ಲಿ, ತಗ್ಗಾಗಿ, ಕಾಲುಭಾಗ ಮಾತ್ರ ಮೇಲೆ ಕಾಣುವಂತೆ ಇರಲಿ. ಮೂರೂ ಸೇರಿ ಬಾಹುಗಳು ಸಮವಿಲ್ಲದ ತ್ರಿಕೋನ ಆಗಬೇಕು. ಚಿಕ್ಕವು ದೊಡ್ಡವುಗಳ ಬುಡದಲ್ಲಿ, ಉರುಳಿ ನಿಂತಂತೆ, ಒಂದೇ ಪಕ್ಕದಲ್ಲಿರಲಿ. ಸುತ್ತಲೂ ಸಮ ಅಂತರದಲ್ಲಿ ಇಟ್ಟರೆ ಹಾರದ ಮಣಿಗಳಂತೆ ಕಾಣುತ್ತವೆ.

ಗುಡ್ಡೆಯನ್ನೂ ತಗ್ಗಿಸಿ. 10 ಅಡಿ ಅಗಲದ ದಿಬ್ಬಕ್ಕೆ ಒಂದೂವರೆ ಅಡಿ ಎತ್ತರ ಸಾಕು, ಎರಡು ದಾಟಬಾರದು. ಒಂದು ಬದಿ ಕಡಿದಾಗಿ, ಇನ್ನೊಂದು ಬದಿ ಉದ್ದಕ್ಕೆ ಇಳಿಜಾರಾಗಿ ಇರಲಿ. ಇಷ್ಟಾದ ಮೇಲೆ ಎರಡು ಜೋರು ಮಳೆ ಬೀಳುವವರೆಗೆ ಅಥವಾ ಎರಡು ವಾರ ದಿನಾ ನೀರು ಕಟ್ಟಿ ಮಣ್ಣು ಕೂತುಕೊಳ್ಳುವವರೆಗೆ ಗಿಡ ನೆಡಬೇಡಿ.

ಪ್ರಶ್ನೆ: ನಮ್ಮದು 30×40 ಸೈಟು. ಗೇಟಿನ ಪಕ್ಕದ ಮೂಲೆಯಲ್ಲಿ ಒಂದು ದೊಡ್ಡ ಬಂಡೆ ಕೂರಿಸುವ ಆಸೆ. ಆದರೆ ಆ ಮೂಲೆಯ ಅರ್ಧದಲ್ಲಿ ಸಂಪ್ ಇದೆ. ಕ್ರೇನ್ ಒಳಗೆ ಬರುವುದಿಲ್ಲ. ಆಳುಗಳೇ ಇಳಿಸಬಹುದೆ? (ಬೆಂಗಳೂರು)

ಉತ್ತರ: ಸಂಪಿನ ಮುಚ್ಚಳದ ಸ್ಲ್ಯಾಬ್ ಮೇಲೆ ಬಂಡೆ ಇಡಲೇಬಾರದು. ಸಂಪಿನ ಗೋಡೆಯಿಂದ ಕನಿಷ್ಠ 3 ಅಡಿ ದೂರವಿರಿ. ಗೋಡೆಯ ಪಕ್ಕದ ಮಣ್ಣಿನ ಮೇಲೆ ಭಾರ ಬಿದ್ದರೆ ಸಂಪ್ ಖಾಲಿಯಿರುವಾಗ ಗೋಡೆ ಒಳಕ್ಕೆ ಬಿರಿಯುತ್ತದೆ. ಸೋರಿಕೆ ಶುರುವಾದ ಮೇಲೆ ಬಂಡೆ ತೆಗೆಯದೆ ರಿಪೇರಿ ಮಾಡಲಾಗುವುದಿಲ್ಲ. ಮ್ಯಾನ್‌ಹೋಲ್, ನೀರಿನ ಮೀಟರ್, ಅರ್ತಿಂಗ್ ಗುಂಡಿ ಇವನ್ನೂ ಮೊದಲು ಗುರುತು ಹಾಕಿಕೊಳ್ಳಿ.

ತೂಕದ ಲೆಕ್ಕ ಸುಲಭ. ಕಗ್ಗಲ್ಲು ಒಂದು ಘನ ಅಡಿಗೆ ಸುಮಾರು 75 ಕೆಜಿ. ಉದ್ದ, ಅಗಲ, ಎತ್ತರವನ್ನು ಅಡಿಯಲ್ಲಿ ಗುಣಿಸಿ, ಬಂದದ್ದರಲ್ಲಿ ಅರ್ಧ ತೆಗೆದುಕೊಂಡು 75ರಿಂದ ಗುಣಿಸಿ. 3×2×1.5 ಅಡಿಯ ಬಂಡೆ ಹೀಗೆ ಸುಮಾರು 340 ಕೆಜಿ ಆಗುತ್ತದೆ. 2 ಅಡಿ ವ್ಯಾಸದ ಪೂರ್ತಿ ಗುಂಡುಕಲ್ಲಾದರೆ 300ರ ಮೇಲೆಯೇ, ಏಕೆಂದರೆ ಗುಂಡಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿರುತ್ತದೆ. ಎರಡನ್ನೂ ಇಬ್ಬರು ಎತ್ತುವ ಮಾತೇ ಇಲ್ಲ.

ಎತ್ತದೆ ಸರಿಸಬೇಕು. ಎರಡು ಇಂಚಿನ ಜಿಐ ಪೈಪಿನ ತುಂಡುಗಳು ನಾಲ್ಕು, ದಪ್ಪ ಹಲಗೆ ಎರಡು, 5 ಅಡಿಯ ಹಾರೆ ಎರಡು ಇರಲಿ. ಹಲಗೆ ಹಾಸಿ, ಮೇಲೆ ಪೈಪು ಅಡ್ಡ ಇಟ್ಟು, ಅದರ ಮೇಲೆ ಇನ್ನೊಂದು ಹಲಗೆಯಲ್ಲಿ ಕಲ್ಲು ಕೂರಿಸಿ ಉರುಳಿಸುತ್ತ ಹೋಗುವುದು. ಹಿಂದೆ ಬಿಡುಗಡೆಯಾದ ಪೈಪನ್ನು ಒಬ್ಬರು ಮುಂದಕ್ಕೆ ತಂದು ಕೊಡಬೇಕು. ಪೈಪಿನ ಬಾಯಿಗೆ ಬೆರಳು ತೂರಿಸದೆ ಮೈ ಹಿಡಿದೇ ತನ್ನಿ. ಗುಂಡಿಗೆ ಇಳಿಸಲು ಒಂದು ಟನ್‌ನ ಚೈನ್ ಪುಲ್ಲಿ, ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು ದಿನದ ಬಾಡಿಗೆಗೆ ಸಿಗುತ್ತವೆ. ಕಲ್ಲಿಗೆ ಸರಪಳಿ ಸುತ್ತದೆ ಅಗಲ ಪಟ್ಟಿಯ ಬೆಲ್ಟು ಸುತ್ತಿ. ಸರಪಳಿ ಹಾವಸೆಯನ್ನು ಕೆರೆದು ಹಾಕಿದ ಬಿಳಿ ಗೀರು ವರ್ಷಗಟ್ಟಲೆ ಹೋಗುವುದಿಲ್ಲ. ಮನೆ ಇನ್ನೂ ಕಟ್ಟುತ್ತಿರುವವರಿಗೆ ನಮ್ಮ ಸಲಹೆ ಬೇರೆ: ಕಾಂಪೌಂಡ್ ಏಳುವ ಮೊದಲೇ, ಜೆಸಿಬಿ ಬಂದ ದಿನವೇ ಬಂಡೆ ಕೂರಿಸಿಬಿಡಿ.

ಪ್ರಶ್ನೆ: ನಮ್ಮದು ಎರೆಮಣ್ಣು. ಹೋದ ವರ್ಷ ಕೂರಿಸಿದ ಕಲ್ಲುಗಳು ಈ ಬೇಸಿಗೆಗೆ ಒಂದೊಂದು ದಿಕ್ಕಿಗೆ ವಾಲಿವೆ. ಶಹಾಬಾದ್ ಕಲ್ಲಿನ ತುಂಡುಗಳೂ ಬಹಳ ಉಳಿದಿವೆ. ಅವನ್ನು ಬಳಸಬಹುದೆ? (ವಿಜಯಪುರ)

ಉತ್ತರ: ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಮೇಲಿನ ಕಲ್ಲು ಪ್ರತಿ ವರ್ಷ ಒಂದು ಸಲ ಎದ್ದು, ಒಂದು ಸಲ ಇಳಿಯುತ್ತದೆ. ಇಳಿಯುವಾಗ ಮೊದಲಿನ ಜಾಗಕ್ಕೇ ಬರುವುದಿಲ್ಲ. ಸಿಮೆಂಟ್ ಹಾಕಿ ಬಂಧಿಸಿದರೂ ಸಿಮೆಂಟೇ ಬಿರಿಯುತ್ತದೆ. ಕಲ್ಲು ಬರುವ ಜಾಗದಲ್ಲಿ 2 ಅಡಿ ಆಳದ ಎರೆಮಣ್ಣು ತೆಗೆದು ಗರಸು ತುಂಬಿ. 6 ಇಂಚು ಹಾಕಿ, ನೀರು ಹೊಡೆದು, ದಿಮ್ಮಸಿನಿಂದ ಬಡಿದು, ಮತ್ತೆ 6 ಇಂಚು. ಗರಸು ಕಲ್ಲಿನ ಸುತ್ತ ಒಂದು ಅಡಿ ಹೊರಗೂ ಇರಬೇಕು. ಆ ತಗ್ಗಿನಲ್ಲಿ ನೀರು ನಿಂತರೆ ಮಾಡಿದ್ದೆಲ್ಲ ವ್ಯರ್ಥ, ಹಾಗಾಗಿ ಒಂದು ಕಡೆಗೆ ಹರಿದುಹೋಗಲು ಜಲ್ಲಿ ತುಂಬಿದ ಕಾಲುವೆ ಬಿಡಿ.

ಶಹಾಬಾದ್ ಕಲ್ಲು ಗುಂಡಾಗುವ ಜಾತಿಯದಲ್ಲ. ಪದರ ಪದರವಾಗಿ ಏಳುವ ಸುಣ್ಣಗಲ್ಲು. ಅದರ ಚೆಲುವು ಪದರದಲ್ಲೇ ಇದೆ, ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಿದರೆ ಸ್ಮಶಾನದ ನೆನಪು ಬರುತ್ತದೆ. 2ರಿಂದ 4 ಇಂಚು ದಪ್ಪದ, ಪಾಲಿಶ್ ಆಗದ ತುಂಡುಗಳನ್ನು ಆರಿಸಿ, ಗರಗಸದಿಂದ ಕೊಯ್ದ ನೇರ ಅಂಚನ್ನು ಸುತ್ತಿಗೆಯಿಂದ ಚಕ್ಕೆ ಎಬ್ಬಿಸಿ ಒರಟು ಮಾಡಿ. ಒಂದರ ಮೇಲೊಂದು ಮಲಗಿಸಿ, ಮೇಲಿನದು ಕೆಳಗಿನದಕ್ಕಿಂತ ಎರಡರಿಂದ ಆರು ಇಂಚು ಹಿಂದೆ ಸರಿದಿರಲಿ, ಆದರೆ ಎಲ್ಲ ಕಡೆ ಒಂದೇ ಅಳತೆ ಬೇಡ. ಇಡೀ ಅಂಗಳದ ಪದರಗಳು ಒಂದೇ ಕಡೆಗೆ 5ರಿಂದ 10 ಡಿಗ್ರಿಯಷ್ಟು ವಾಲಿರಲಿ. ನೀರು ಹಿಂದಿನ ಮಣ್ಣಿನ ಕಡೆಗೆ ಇಳಿಯುವಂತೆ ವಾಲಿಸಿದರೆ ಸಂದಿಯ ಗಿಡಗಳಿಗೂ ನೀರು ಸಿಗುತ್ತದೆ. ಬಾದಾಮಿಯ ಮರಳುಗಲ್ಲಿನ ಬಂಡೆಗೋಡೆ ನಿಮಗೆ ದೂರವಲ್ಲ. ಪದರಗಲ್ಲು ಹೇಗೆ ಒಡೆಯುತ್ತದೆ, ಎಲ್ಲಿ ಚಾಚಿಕೊಳ್ಳುತ್ತದೆ ಎಂಬುದನ್ನು ಅಲ್ಲಿ ಕಲಿಯಬಹುದು.

ಎರಡು ಎಚ್ಚರಿಕೆ. ಈ ಕಲ್ಲನ್ನು ಆ್ಯಸಿಡ್‌ನಿಂದ ತೊಳೆಯಬೇಡಿ, ನೊರೆಯೆದ್ದು ಮೈ ಕರಗುತ್ತದೆ. ಸುಣ್ಣದಂಶದಿಂದ ಗುಡ್ಡೆದಾಸವಾಳದಂಥ ಗಿಡಗಳ ಎಲೆ ಹಳದಿಯಾಗುತ್ತದೆ. ಎರೆಮಣ್ಣಿನಲ್ಲಿ ಮೊದಲೇ ಆ ತೊಂದರೆಯಿದೆ, ಇದು ಇನ್ನಷ್ಟು ಹೆಚ್ಚಿಸುತ್ತದೆ. ಲೋಳೆಸರ, ಮಂಗರವಳ್ಳಿ, ಕತ್ತಾಳೆ ಜಾತಿಗಳಿಗೆ ಅಡ್ಡಿಯಿಲ್ಲ.

ಪ್ರಶ್ನೆ: ಮನೆ ಹಿಂದೆ 6 ಅಡಿಯ ಧರೆ (ಕಡಿದಾದ ಮಣ್ಣಿನ ಗೋಡೆ) ಇದೆ. ಮಳೆಗಾಲದಲ್ಲಿ ಸ್ವಲ್ಪ ಸ್ವಲ್ಪವೇ ಜರಿಯುತ್ತದೆ. ಕಾಂಕ್ರೀಟ್ ಗೋಡೆ ಬೇಡ, ಬಂಡೆ ಮತ್ತು ಜರೀಗಿಡಗಳಿಂದ ಕಾಡಿನ ಹಾಗೆ ಮಾಡಬೇಕೆಂದಿದ್ದೇವೆ. ಊರಲ್ಲಿ ಜಂಬಿಟ್ಟಿಗೆ ಧಾರಾಳ ಸಿಗುತ್ತದೆ. (ಸಿದ್ದಾಪುರ, ಉತ್ತರ ಕನ್ನಡ)

ಉತ್ತರ: ಧರೆಗೂ ಮನೆಗೂ ನಡುವೆ 6 ಅಡಿಗಿಂತ ಕಡಿಮೆ ಜಾಗವಿದ್ದರೆ, ಅಥವಾ ಧರೆಯ ಮೇಲ್ಗಡೆ ದಾರಿ, ತೋಟದ ಕಾಲುವೆ ಇದ್ದರೆ ಮೊದಲು ಸಿವಿಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ. ನೀರು ಕುಡಿದ ಮಣ್ಣು ಘನ ಮೀಟರಿಗೆ 2 ಟನ್‌ವರೆಗೆ ತೂಗುತ್ತದೆ. ಚೆಂದದ ಮಾತು ಆಮೇಲೆ.

ಜಾಗವಿದ್ದರೆ ಧರೆಯನ್ನು ಒಂದೇ ಗೋಡೆಯಾಗಿ ಕಟ್ಟದೆ ಮೂರು ಮೆಟ್ಟಿಲಾಗಿ ಕಡಿಯಿರಿ. ಒಂದೊಂದೂ 2 ಅಡಿ ಎತ್ತರ, ಎರಡರಿಂದ ಎರಡೂವರೆ ಅಡಿ ಅಗಲ. ಡಿಸೆಂಬರ್‌ನಿಂದ ಮಾರ್ಚ್‌ ಒಳಗೆ ಕೆಲಸ ಮುಗಿಯಬೇಕು. ಎಲ್ಲಕ್ಕಿಂತ ಮೊದಲ ಕೆಲಸ ಧರೆಯ ನೆತ್ತಿಯ ಮೇಲೆ, ಅಂಚಿನಿಂದ 4 ಅಡಿ ಹಿಂದೆ, ಮೇಲಿನ ನೀರನ್ನು ಪಕ್ಕಕ್ಕೆ ಒಯ್ಯುವ ಅಗಳ. ಹಳೆಯ ಮನೆಗಳಲ್ಲಿ ಇದು ಇದ್ದೇ ಇರುತ್ತಿತ್ತು. ಮುಚ್ಚಿಹೋದದ್ದನ್ನು ಬಿಡಿಸಿದರೆ ಅರ್ಧ ಜರಿತ ಅಲ್ಲಿಗೇ ನಿಲ್ಲುತ್ತದೆ.

ಬುಡದಲ್ಲಿ ಒಂದು ಅಡಿ ಆಳದ ಪಾಯ ತೆಗೆದು ದೊಡ್ಡ ಕಲ್ಲುಗಳನ್ನು ಅಲ್ಲಿ ಕೂರಿಸಿ. ಕಲ್ಲಿನ ಉದ್ದನೆಯ ಮೈ ಧರೆಯೊಳಕ್ಕೆ ಹೋಗಬೇಕು, ಮೂತಿ ಮಾತ್ರ ಹೊರಗೆ. ಉದ್ದವನ್ನು ಹೊರಗೆ ತೋರಿಸುವ ಆಸೆಗೆ ಬಿದ್ದವರ ಕಲ್ಲೇ ಮೊದಲು ಉರುಳುವುದು. ಪ್ರತಿ ಒಂದು ಅಡಿ ಎತ್ತರಕ್ಕೆ 2 ಇಂಚು ಹಿಂದಕ್ಕೆ ವಾಲಿರಲಿ. ಮೇಲಿನ ಸಾಲಿನ ಕಲ್ಲು ಕೆಳಗಿನ ಎರಡು ಕಲ್ಲುಗಳ ಸಂದಿಯ ಮೇಲೆ ಬರಲಿ. ಕಲ್ಲಿನ ಹಿಂದೆ 9 ಇಂಚು ಜಲ್ಲಿ, ಬುಡದಲ್ಲಿ ತೂತು ಕೊರೆದ 4 ಇಂಚಿನ ಪಿವಿಸಿ ಪೈಪು, ಅದಕ್ಕೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋ ಬಟ್ಟೆಯ ಸುತ್ತು, ನೂರು ಅಡಿಗೆ ಒಂದು ಅಡಿ ಇಳಿಜಾರು. ಸಂದಿಗೆ ಸಿಮೆಂಟ್ ತುಂಬಬೇಡಿ. ಧರೆ ನೂಕುವುದು ಮಣ್ಣಿನಿಂದ ಅಷ್ಟೇ ಅಲ್ಲ, ಹಿಂದೆ ಕಟ್ಟಿಕೊಂಡ ನೀರಿನಿಂದಲೂ. ಸಂದಿ ಮುಚ್ಚಿದರೆ ಆ ನೀರಿಗೆ ದಾರಿಯೇ ಇರುವುದಿಲ್ಲ.

ಜಂಬಿಟ್ಟಿಗೆ ನಿಮ್ಮ ಊರಿನ ಮಣ್ಣಿನದೇ ಕಲ್ಲು, ಅದಕ್ಕಿಂತ ಹೊಂದುವಂಥದ್ದು ಬೇರಿಲ್ಲ. ಕಡಿಯುವಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ, ಆದ್ದರಿಂದ ತಂದ ಕೂಡಲೇ ಭಾರ ಹೇರದೆ ಕೆಲವು ವಾರ ಒಣಗಲು ಬಿಡಿ. ಮೈತುಂಬ ರಂಧ್ರ, ಪಾಚಿ ಮತ್ತು ಜರೀಗಿಡ ಒಂದೆರಡು ಮಳೆಗಾಲದಲ್ಲೇ ಹಿಡಿದುಕೊಳ್ಳುತ್ತವೆ. ಚೌಕಾಕಾರದ ಕಲ್ಲು ಮಾತ್ರ ಬೇಡ, ಜೋಡಿಸಿದರೆ ಗೋಡೆಯಾಗುತ್ತದೆ. ಕ್ವಾರಿಯಲ್ಲಿ ಮೂಲೆ ಮುರಿದು ಬಿದ್ದ ತುಂಡುಗಳನ್ನು ಕೇಳಿ ತನ್ನಿ. ನಡುನಡುವೆ ಕಗ್ಗಲ್ಲು ಸೇರಿಸಬೇಡಿ. ಮೇಲಿನ ಮೆಟ್ಟಿಲಲ್ಲಿ ಒಂದು ಅಡಿ ಅಂತರಕ್ಕೆ ಲಾವಂಚ ನೆಡಿ, ಅದರ ಬೇರು ನೇರವಾಗಿ ಆಳಕ್ಕಿಳಿದು ಮಣ್ಣು ಹಿಡಿಯುತ್ತದೆ. ಕೆಳಗಿನ ನೆರಳಿನಲ್ಲಿ ಜರೀಗಿಡ, ಕೆಸು, ಕರ್ಣಕುಂಡಲ.

ಪ್ರಶ್ನೆ: ತಾರಸಿ ತೋಟದಲ್ಲಿ ಬಂಡೆ ಇಡಬಹುದೆ? (ಹುಬ್ಬಳ್ಳಿ)

ಉತ್ತರ: ನಿಜವಾದ ಬಂಡೆ ಬೇಡ. ಓಡಾಡುವ ತಾರಸಿಯನ್ನು ಭಾರತೀಯ ಮಾನಕದ ಪ್ರಕಾರ ಚದರ ಮೀಟರಿಗೆ ಸುಮಾರು 150 ಕೆಜಿ ಹೆಚ್ಚುವರಿ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಅಂದರೆ ಚದರ ಅಡಿಗೆ 14 ಕೆಜಿ. ಎರಡೂವರೆ ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಕಗ್ಗಲ್ಲು 280 ಕೆಜಿ ತೂಗಿ 5 ಚದರ ಅಡಿಯ ಮೇಲೆ ಕೂರುತ್ತದೆ. ಚದರ ಅಡಿಗೆ 56 ಕೆಜಿ ಆಯಿತು. ಅದೇ ಗಾತ್ರದ ಟೊಳ್ಳು ಕಲ್ಲನ್ನು ನೀವೇ ಮಾಡಿದರೆ 50 ಕೆಜಿ ಒಳಗೆ ಮುಗಿಯುತ್ತದೆ.

ಟಿವಿ, ಫ್ರಿಜ್ ಪ್ಯಾಕಿಂಗಿನ ಥರ್ಮೋಕೋಲ್ ತುಂಡುಗಳನ್ನು ತಂತಿಯಿಂದ ಕಟ್ಟಿ ಬಂಡೆಯ ಒರಟು ಆಕಾರ ಮಾಡಿ. ಅದರ ಮೇಲೆ ಅರ್ಧ ಇಂಚು ಕಣ್ಣಿನ ಕೋಳಿ ಜಾಲರಿ ಎರಡು ಸುತ್ತು ಬಿಗಿಯಾಗಿ ಸುತ್ತಿ. ಜಾಲರಿ ಸಡಿಲವಿದ್ದ ಕಡೆಯೇ ಮುಂದೆ ಬಿರುಕು ಬರುತ್ತದೆ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಜರಡಿ ಹಿಡಿದ ಮರಳು, ಉಂಡೆ ಕಟ್ಟಿದರೆ ನಿಲ್ಲುವಷ್ಟೇ ನೀರು. ಮೊದಲ ಪದರ 10 ಎಂಎಂ, ಜಾಲರಿಯ ಕಣ್ಣಿನೊಳಗೆ ಒತ್ತಿ ತುಂಬಿ, ಕರಣೆಯಿಂದ ಗೀರೆಳೆದು ಬಿಡಿ. ಮರುದಿನ ನೀರು ಚಿಮುಕಿಸಿ ಎರಡನೆಯ 10 ಎಂಎಂ.

ಕಲ್ಲಿನ ಮೈ ಬರುವುದು ಈ ಎರಡನೆಯ ಪದರದಲ್ಲಿ. ಹಸಿಯಿರುವಾಗ ಮುದುಡಿದ ಪ್ಲಾಸ್ಟಿಕ್ ಹಾಳೆ ಒತ್ತಿ ತೆಗೆಯಿರಿ. ಹೆಬ್ಬೆರಳು ಒತ್ತಿದರೆ ಗುರುತು ಮಾತ್ರ ಬಿದ್ದು ಒಳಗೆ ಹೋಗದ ಹದಕ್ಕೆ ಬಂದಾಗ, ಅಂದರೆ ಹವೆ ನೋಡಿಕೊಂಡು ಎರಡರಿಂದ ನಾಲ್ಕು ಗಂಟೆಯ ಮೇಲೆ, ಹಳೆಯ ಚಾಕುವಿನಿಂದ ಒಂದೆರಡು ಉದ್ದ ಬಿರುಕು ಕೊರೆದು, ತಂತಿ ಬ್ರಷ್‌ನಿಂದ ಉಜ್ಜಿ. ಹೆಚ್ಚಿನವರು ಇಡೀ ಮೈಗೆ ಒಂದೇ ಸಮನೆ ಗುಳಿ ಮಾಡಿ ಕೆಡಿಸುತ್ತಾರೆ. ಪಕ್ಕದಲ್ಲಿ ನಿಜವಾದ ಕಲ್ಲೊಂದನ್ನು ಇಟ್ಟುಕೊಂಡು ನೋಡುತ್ತ ಮಾಡಿ. ಬಣ್ಣಕ್ಕೆ ಆಕ್ಸೈಡ್ ಪುಡಿಯನ್ನು ಗಾರೆಗೇ ಬೆರೆಸಿ, ಸಿಮೆಂಟಿನ ತೂಕದ ಶೇ 5ರೊಳಗೆ. ಪೇಂಟ್ ಹೊಡೆದರೆ ಎರಡನೇ ಬೇಸಿಗೆಗೆ ಸಿಪ್ಪೆ ಏಳುತ್ತದೆ. ಹತ್ತು ದಿನ ಒದ್ದೆ ಗೋಣಿಚೀಲ ಹೊದಿಸಿ ಕ್ಯೂರಿಂಗ್ ಮಾಡಿ. ಗಿಡದ ಗುಳಿಯಿದ್ದರೆ ಅದರಲ್ಲಿ ನೀರು ತುಂಬಿ ಎರಡು ವಾರ ದಿನಾ ಬದಲಿಸಿ, ಇಲ್ಲದಿದ್ದರೆ ಸಿಮೆಂಟಿನ ಕ್ಷಾರಕ್ಕೆ ಬೇರು ಸುಡುತ್ತದೆ. ಕಲ್ಲನ್ನು ಒಂದು ಇಂಚಿನ ಮೂರು ಗುಜ್ಜುಗಳ ಮೇಲೆ, ತೊಲೆ ಅಥವಾ ಗೋಡೆಯ ನೇರಕ್ಕೆ ಇಡಿ, ಅಡಿಯಲ್ಲಿ ಮಳೆನೀರು ಹರಿದುಹೋಗಲಿ. ಮಣ್ಣು, ಕುಂಡಗಳ ಭಾರವನ್ನೂ ಆ 14 ಕೆಜಿಯಲ್ಲೇ ಸೇರಿಸಿ ಲೆಕ್ಕ ಹಾಕಬೇಕು ಎಂಬುದು ನೆನಪಿರಲಿ. ಹಳೆಯ ತಾರಸಿಯಾದರೆ ಎಂಜಿನಿಯರ್ ನೋಡಿ ಹೇಳದೆ ಯಾವುದನ್ನೂ ಹೇರಬೇಡಿ.

ಪ್ರಶ್ನೆ: ಬಂಡೆಗಳ ನಡುವೆ 3 ಅಡಿ ಎತ್ತರದ ಪುಟ್ಟ ಜಲಪಾತ ಮಾಡಿದ್ದೇವೆ. ಕೆಳಗೆ 6×4 ಅಡಿಯ ಸಿಮೆಂಟ್ ಹೊಂಡ. ದಿನಕ್ಕೆ 4 ಇಂಚು ನೀರು ಇಳಿಯುತ್ತದೆ. ಬಿಸಿಲಿಗೆ ಆವಿಯಾಗುತ್ತದೆ ಎನ್ನುತ್ತಾರೆ ಮೇಸ್ತ್ರಿ. ನೀರೂ ಬಂಡೆಯ ಮೇಲೆ ಹರಿಯದೆ ಸಂದಿಯಲ್ಲಿ ಮಾಯವಾಗುತ್ತದೆ. (ತುಮಕೂರು)

ಉತ್ತರ: ನಾಲ್ಕು ಇಂಚು ಎಂದರೆ ದಿನಕ್ಕೆ ಸುಮಾರು 225 ಲೀಟರ್. ನಮ್ಮ ಬೇಸಿಗೆಯಲ್ಲಿ ನಿಂತ ನೀರು ದಿನಕ್ಕೆ 5ರಿಂದ 8 ಮಿಲಿಮೀಟರ್ ಆವಿಯಾಗುತ್ತದೆ. ಧುಮುಕುವ ನೀರು ಅದರ ಎರಡು ಮೂರು ಪಟ್ಟು ಕಳೆದುಕೊಂಡರೂ ಒಂದು ಇಂಚಿನ ಆಸುಪಾಸು. ನಿಮ್ಮದು ಸೋರಿಕೆ.

ಎಲ್ಲಿ ಎಂದು ತಿಳಿಯಲು ಪಂಪ್ ನಿಲ್ಲಿಸಿ, ಹೊಂಡ ತುಂಬಿಸಿ, ಗೋಡೆಗೆ ಪೆನ್ಸಿಲ್ ಗೆರೆ ಹಾಕಿ 24 ಗಂಟೆ ಬಿಡಿ. ಮಟ್ಟ ಹೆಚ್ಚುಕಡಿಮೆ ಹಾಗೇ ಇದ್ದರೆ ಹೊಂಡ ಗಟ್ಟಿಯಿದೆ, ಸೋರುತ್ತಿರುವುದು ಮೇಲಿನ ಹರಿವಿನ ದಾರಿ. ಇಳಿದು ಒಂದು ಕಡೆ ನಿಂತರೆ ಬಿರುಕು ಆ ಮಟ್ಟದಲ್ಲಿದೆ. ನಿಲ್ಲದೆ ತಳ ಸೇರಿದರೆ ತಳದಲ್ಲೇ ಇದೆ.

ನೀವು ಹೇಳುವ ಎರಡನೆಯ ತೊಂದರೆ ನೋಡಿದರೆ ಮೇಲಿನ ದಾರಿಯ ಮೇಲೆಯೇ ಅನುಮಾನ. ಬಂಡೆ ಮತ್ತು ಸಿಮೆಂಟ್ ಬಿಸಿಲಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ತುಂಬಿದ ಮಣ್ಣು ಕೂರುತ್ತದೆ, ಅಂಟು ಬಿಡುತ್ತದೆ. ಸಿಮೆಂಟಿನ ಮೇಲೆ ಸಿಮೆಂಟ್ ಮೆತ್ತುವುದರಿಂದ ಒಂದು ಮಳೆಗಾಲ ತಳ್ಳಬಹುದು ಅಷ್ಟೇ. ಕಲ್ಲುಗಳನ್ನು ಎತ್ತಿ, ಕೃಷಿಹೊಂಡಕ್ಕೆ ಹಾಸುವ 500 ಮೈಕ್ರಾನ್ ಹಾಳೆ ಅಥವಾ ಒಂದು ಎಂಎಂ ರಬ್ಬರ್ ಹಾಳೆಯನ್ನು ಮೇಲಿನ ಕುಂಡದಿಂದ ಕೆಳಗಿನ ಹೊಂಡದೊಳಗಿನವರೆಗೆ ಹಾಸಿ. ಅಡಿಗೆ ಹಳೆಯ ಕಂಬಳಿ ಅಥವಾ ಜಿಯೋ ಬಟ್ಟೆ. ಬದಿಗಳಲ್ಲಿ ಹಾಳೆ ನೀರಿನ ಮಟ್ಟಕ್ಕಿಂತ 4 ಇಂಚು ಮೇಲೆದ್ದು ಕಲ್ಲಿನ ಹಿಂದೆ ಅಡಗಿರಲಿ. ಅಂಚು ಮಡಚಿ ಕೆಳಗಿಳಿದು ಮಣ್ಣಿಗೆ ತಾಗಿದರೆ ಬತ್ತಿಯಂತೆ ನೀರೆಳೆದು ಹೊರಗೆ ಹಾಕುತ್ತದೆ. ಕೆಳಗಿನ ಹೊಂಡಕ್ಕೂ ಹಾಳೆ ಬೇಕಾದರೆ ಅಳತೆ ಹೀಗೆ: ಉದ್ದಕ್ಕೆ ಆಳದ ಎರಡರಷ್ಟು ಸೇರಿಸಿ, ಮೇಲೆ 2 ಅಡಿ. ಅಗಲಕ್ಕೂ ಹಾಗೆಯೇ. 6×4 ಅಡಿ, ಆಳ 2 ಅಡಿಯಾದರೆ 12×10 ಅಡಿಯ ಹಾಳೆ.

ನೀರು ಮೇಲೆಯೇ ಹರಿಯಬೇಕೆಂದರೆ ಧುಮುಕುವ ಕಲ್ಲಿನ ಅಡಿಯ, ಪಕ್ಕದ ಸಂದಿಗಳನ್ನು ಉಬ್ಬುವ ಫೋಮ್‌ನಿಂದ ತುಂಬಿ, ಹಸಿಯಿರುವಾಗಲೇ ಮೇಲೆ ಮರಳು, ಕಲ್ಲುಚೂರು ಒತ್ತಿ. ಧುಮುಕುವ ಕಲ್ಲು ಅಡ್ಡಕ್ಕೆ ರಸಮಟ್ಟದಲ್ಲಿ ಸರಿಯಿದ್ದು, ಮುಂದಕ್ಕೆ ಕೊಂಚ ವಾಲಿ, ಚೂಪಂಚು ಇರಬೇಕು. ಗುಂಡಂಚಾದರೆ ನೀರು ಕಲ್ಲನ್ನೇ ಅಪ್ಪಿಕೊಂಡು ಹಿಂದಕ್ಕೆ ಜಾರುತ್ತದೆ.

ಪಂಪ್ ಬಗ್ಗೆ ಒಂದು ಮಾತು. ಒಂದು ಅಡಿ ಅಗಲದ ತುಂಬು ಧಾರೆಗೆ ಗಂಟೆಗೆ 4,500ರಿಂದ 6,000 ಲೀಟರ್ ಬೇಕು, ತೆಳುವಾಗಿ ಜಿನುಗಲು ಅದರ ಅರ್ಧ ಸಾಕು. ಡಬ್ಬಿಯ ಮೇಲಿನ ಲೀಟರ್ ಲೆಕ್ಕ ಎತ್ತರವಿಲ್ಲದಾಗಿನದು. ಗರಿಷ್ಠ ಎತ್ತರ 2 ಮೀಟರ್ ಎಂದಿರುವ ಪಂಪ್ 2 ಮೀಟರಿನಲ್ಲಿ ಏನೂ ಕೊಡುವುದಿಲ್ಲ, ಒಂದು ಮೀಟರಿನಲ್ಲಿ ಅರ್ಧದಷ್ಟು ಕೊಟ್ಟೀತು. ಪಂಪಿನ ಲೈನಿಗೆ, ವಿದ್ಯುತ್ ಸೋರಿದೊಡನೆ ತಾನೇ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಲ್ಲದೆ ನೀರಿಗೆ ಕೈ ಹಾಕಬೇಡಿ. ಬಂಡೆಯ ಗುಳಿಗಳಲ್ಲಿ ನಿಂತ ನೀರಿಗೆ ಮರಳು ತುಂಬಿ, ಹೊಂಡಕ್ಕೆ ಹತ್ತು ಗಪ್ಪಿ ಮೀನು ಬಿಡಿ. ಸೊಳ್ಳೆಯ ಮೊಟ್ಟೆ ರೆಕ್ಕೆ ಪಡೆಯಲು ಒಂದು ವಾರ, ಹತ್ತು ದಿನ ಸಾಕು. ಪುಟ್ಟ ಮಕ್ಕಳಿರುವ ಮನೆಯಾದರೆ ನೀರಿನ ಮಟ್ಟಕ್ಕೆ ಎರಡು ಇಂಚು ಕೆಳಗೆ ಗಟ್ಟಿ ಕಬ್ಬಿಣದ ಜಾಲರಿ ಕೂರಿಸಿ, ಮೇಲೆ ಹೊಳೆಗಲ್ಲು ಹರಡಿ.

ಪ್ರಶ್ನೆ: ಕಲ್ಲಿನ ಸಂದಿಗೆ ಹಾವು ಬರುತ್ತದೆ, ಬೇಡವೇ ಬೇಡ ಎನ್ನುತ್ತಾರೆ ನಮ್ಮತ್ತೆ. ನಿಜವೆ? ಮೊಸರು ಬಳಿದರೆ ಬೇಗ ಪಾಚಿ ಬರುತ್ತದೆಯೆ? (ಹಾಸನ)

ಉತ್ತರ: ಅತ್ತೆಯವರ ಮಾತಿನಲ್ಲಿ ಹುರುಳಿದೆ. ಸಡಿಲವಾಗಿ ಪೇರಿಸಿದ ಕಲ್ಲುಗುಡ್ಡೆ ಇಲಿಗೆ ಬಿಲ, ಇಲಿ ಇದ್ದಲ್ಲಿಗೆ ನಾಗರ, ಕೊಳಕುಮಂಡಲ ಬರುತ್ತವೆ. ಆದರೆ ಹೂಳಿ, ಸಂದಿಗೆ ಮಣ್ಣು ಗುದ್ದಿ ತುಂಬಿದ ಬಂಡೆಯಲ್ಲಿ ಟೊಳ್ಳು ಇರುವುದಿಲ್ಲ. ಸಂದಿಯಲ್ಲಿ ಹಾರೆಯ ತುದಿ ಸಲೀಸಾಗಿ ಒಳಗೆ ಹೋಗುವಂತಿದ್ದರೆ ಇನ್ನೂ ತುಂಬಬೇಕು ಎಂದರ್ಥ. ಬಾಗಿಲು, ತಗ್ಗಿನ ಕಿಟಕಿಯಿಂದ 5 ಅಡಿ ದೂರವಿರಲಿ. ಒಣ ಎಲೆ, ಕೋಳಿ ಕಾಳು, ಅನ್ನ ಚೆಲ್ಲಿರಬಾರದು. ಕಲ್ಲು ಎತ್ತುವಾಗ ಮೊದಲು ಹಾರೆಯಿಂದ ಮೀಟಿ ಅಡಿ ನೋಡಿ, ಆಮೇಲೆ ಕೈ. ಚೇಳಿನ ಕುಟುಕು ಬಹಳ ಸಲ ಆಗುವುದು ಈ ಗಳಿಗೆಯಲ್ಲೇ.

ಮೊಸರಿಗೆ ಬರುವುದು ಬೂಷ್ಟು, ಇರುವೆ. ಪಾಚಿಗೆ ಬೇಕಿರುವುದು ನೆರಳು ಮತ್ತು ಬಿಡದ ತೇವ. ಜೂನ್‌ನಲ್ಲಿ ಕಾಂಪೌಂಡಿನ ಮೇಲೆ ಬೆಳೆದ ಪಾಚಿಯನ್ನು ಕೆರೆದು, ಜಿಗುಟು ಮಣ್ಣಿನ ಜೊತೆ ನೀರಲ್ಲಿ ಕಲಸಿ, ಕಲ್ಲಿನ ಉತ್ತರ ಮುಖಕ್ಕೆ ತೆಳ್ಳಗೆ ಬಳಿಯಿರಿ. ಬೇಸಿಗೆಯಲ್ಲಿ ಒಣಗಿ ಕಂದಾಗುತ್ತದೆ, ಸತ್ತಿತೆಂದು ಉಜ್ಜಿ ತೆಗೆಯಬೇಡಿ. ಮೊದಲ ಮಳೆಗೆ ಮತ್ತೆ ಹಸಿರಾಗುತ್ತದೆ.

ಪ್ರಶ್ನೆ: ಪೂರ್ತಿ ಬಿಸಿಲಿನ ಬಂಡೆಗಳ ನಡುವೆ ಏನು ನೆಡಬೇಕು? (ಚಿತ್ರದುರ್ಗ)

ಉತ್ತರ: ಮಧ್ಯಾಹ್ನ ಕಾದ ಕಲ್ಲು ರಾತ್ರಿಯವರೆಗೂ ಬಿಸಿ ಬಿಡುತ್ತದೆ. ಹಾಗಾಗಿ ನರ್ಸರಿಯ ಮೃದು ಗಿಡಗಳು ಬಾಡುತ್ತವೆ. ಕೆಮ್ಮಣ್ಣು, ದಪ್ಪ ಮರಳು, ಗೊಬ್ಬರ ಸಮಪಾಲು ಬೆರೆಸಿ ಸಂದಿಗೆ ತುಂಬಿ. ಲೋಳೆಸರ, ಮಂಗರವಳ್ಳಿ, ದೊಡ್ಡಪತ್ರೆ, ಕಾಡುಬಸಳೆ, ಮಜ್ಜಿಗೆಹುಲ್ಲು, ಹತ್ತು ಗಂಟೆ ಹೂ ಇವು ನಿಮ್ಮಲ್ಲಿ ತಾಳುತ್ತವೆ. ಜಾತಿ ಕಡಿಮೆ ಮಾಡಿ, ಒಂದೊಂದನ್ನೂ ಐದಾರು ಗುಂಪಾಗಿ, ಬಂಡೆಯ ಒಂದೇ ಪಕ್ಕಕ್ಕೆ ನೆಡಿ. ನೆಟ್ಟದ್ದಕ್ಕಿಂತ ನೆಡದೆ ಬಂದದ್ದರ ಮೇಲೆ ಹೆಚ್ಚು ಕಣ್ಣಿಡಬೇಕು. ಹಕ್ಕಿ ಹಾಕಿದ ಅರಳಿ, ಆಲದ ಸಸಿ ಬೆರಳುದ್ದ ಇರುವಾಗಲೇ ಬೇರುಸಹಿತ ಕೀಳಿ. ವರ್ಷ ಕಳೆದರೆ ಬೇರು ಸಂದಿಯಲ್ಲಿ ದಪ್ಪಗಾಗಿ ಬಂಡೆಯನ್ನೇ ಪಕ್ಕಕ್ಕೆ ನೂಕುತ್ತದೆ.

ಪ್ರಶ್ನೆ: ಹೊಳೆಯಿಂದ ನಾವೇ ಕಲ್ಲು ತರಬಹುದೆ? (ಶಿವಮೊಗ್ಗ)

ಉತ್ತರ: ಬೇಡ. ಕಟ್ಟಡ ಕಲ್ಲು, ಮರಳು ಉಪಖನಿಜಗಳು. ಹೊಳೆ, ಗೋಮಾಳ, ಕಾಡಿನಿಂದ ಅನುಮತಿಯಿಲ್ಲದೆ ಒಯ್ಯುವುದು ಅಪರಾಧ. ಹೊಳೆಗಲ್ಲಿನ ಅಡಿಯಲ್ಲಿ ಮೀನು, ಏಡಿ, ಕೀಟಗಳ ಸಂಸಾರವೂ ಇರುತ್ತದೆ. ಹೊಸ ಬಡಾವಣೆಗಳಲ್ಲಿ ಪಾಯ ತೋಡುವಾಗ ಎದ್ದ ಗುಂಡುಗಳನ್ನು ಜಾಗದ ಮಾಲೀಕರಲ್ಲಿ ಕೇಳಿ, ಇಲ್ಲವೇ ಪರವಾನಗಿಯಿರುವ ಕ್ವಾರಿಯಿಂದ ಪರ್ಮಿಟ್ ಚೀಟಿ ಸಮೇತ ಕೊಳ್ಳಿ. ಲೋಡ್ ಲೆಕ್ಕದಲ್ಲಿ ಕಣ್ಣುಮುಚ್ಚಿ ತರಿಸದೆ ಸ್ವತಃ ಹೋಗಿ ಒಂದೊಂದನ್ನೂ ಗುರುತು ಹಾಕಿ ಬನ್ನಿ. ಮಳೆ ಬಿದ್ದ ದಿನ ಹೋಗಬೇಡಿ. ಒದ್ದೆ ಕಲ್ಲು ಎಲ್ಲವೂ ಕಪ್ಪಾಗಿ, ಚೆನ್ನಾಗಿ ಕಾಣುತ್ತದೆ. ಒಣಗಿದ ಮೇಲೆ ಎರಡು ಬಣ್ಣದ ಕಲ್ಲು ಮನೆಗೆ ಬಂದಿರುತ್ತದೆ.